ಒಂದು ವರ್ಷ ಪೂರ್ತಿ ಒಂದೇ ಸೊಪ್ಪು

ತಾನಾಗಿ ಬೆಳೆಯುವ ಸೊಪ್ಪುಗಳನ್ನು ಗುರುತಿಸಿ ತಿನ್ನುವುದನ್ನು ಕಲಿಯಬೇಕು ಅಂತ ಹೊರಟಾಗ ನನ್ನ ಫೋನಿನಲ್ಲಿ ಮೂವತ್ತು ಗಿಡಗಳ ಫೋಟೋ ಇತ್ತು. ನಾಲ್ಕು ತಿಂಗಳು ಸಾಕು ಅಂದುಕೊಂಡಿದ್ದೆ. ಕೊನೆಗೆ ಮೊದಲ ವರ್ಷ ಪೂರ್ತಿ ನಾನು ಕಿತ್ತು ತಿಂದದ್ದು ಗೋಳಿ ಸೊಪ್ಪು ಒಂದನ್ನೇ. ಹಾಗೆ ಮಾಡಿದ್ದೇ ಸರಿ ಅಂತ ಈಗಲೂ ಅನಿಸುತ್ತದೆ.

ಅದಕ್ಕೆ ಕಾರಣ ಒಂದು ಹಿಡಿ ಸೊಪ್ಪು. ನೆಲಕ್ಕೆ ಅಂಟಿಕೊಂಡು ಹರಡಿದ್ದ ಗಿಡಗಳ ತುದಿಗಳನ್ನು ಚಿವುಟಿ ಬುಟ್ಟಿಗೆ ಹಾಕುತ್ತಿದ್ದೆ. ಕಲಿಸಲು ಜೊತೆಗೆ ಬಂದಿದ್ದ ಅಜ್ಜಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಹೆಬ್ಬೆರಳು ನೋಡ್ಕೋ ಮಗಾ" ಅಂದರು. ಉಗುರಿನ ಪಕ್ಕ ಬಿಳಿ ಹಾಲಿನ ಒಂದು ಚುಕ್ಕೆ. ಗೋಳಿ ಸೊಪ್ಪಿನ ಕಾಂಡ ಮುರಿದರೆ ನೀರಿನಂಥ ರಸ ಬರುತ್ತದೆ, ಹಾಲು ಬರುವುದಿಲ್ಲ. ಅದೇ ಜಾಗದಲ್ಲಿ, ಅದೇ ರೀತಿ ನೆಲದ ಮೇಲೆ ಹರಡುವ ಯೂಫೋರ್ಬಿಯಾ ಜಾತಿಯ ಸಣ್ಣ ಕಳೆಗಳಿವೆ. ಅವುಗಳಲ್ಲಿ ಹಾಲು ಬರುತ್ತದೆ. ಅದು ಚರ್ಮಕ್ಕೆ ತಾಗಿದರೆ ಉರಿಯಬಹುದು, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ಎರಡೂ ಒಂದಕ್ಕೊಂದು ಹೆಣೆದುಕೊಂಡು ಬೆಳೆದಿದ್ದವು. ನಾನು ನೋಡಿದ್ದು ಗುಂಪನ್ನು, ಗಿಡವನ್ನಲ್ಲ. ಬುಟ್ಟಿಯನ್ನು ಪೂರ್ತಿ ಸುರಿದು, ಒಂದೊಂದು ತುದಿಯನ್ನೂ ಮತ್ತೆ ಮುರಿದು ನೋಡಿದೆ. ಹಾಲಿನ ಗಿಡದ ಏಳು ತುಂಡು ಸಿಕ್ಕವು.

ಅವತ್ತಿನಿಂದ ಎಲೆ ನೋಡಿ ತೀರ್ಮಾನ ಮಾಡುವುದನ್ನು ಬಿಟ್ಟೆ. ಒಂದು ನೋಟ್‌ಬುಕ್ ಇಟ್ಟೆ. ವಾರಕ್ಕೊಮ್ಮೆ ಅದೇ ಜಾಗಕ್ಕೆ ಹೋಗಿ ಅದೇ ಗಿಡ ನೋಡಿ ಬರೆಯುತ್ತಿದ್ದೆ. ಕಾಂಡ ಉರುಟಾಗಿದೆ, ನಯವಾಗಿದೆ, ಕೆಂಪು ಛಾಯೆ ಇದೆ, ರೋಮ ಇಲ್ಲ. ಎಲೆ ದಪ್ಪ, ಚಮಚದ ಆಕಾರ. ಬಿಸಿಲು ಬಂದಾಗ ಪುಟ್ಟ ಹಳದಿ ಹೂವು ಅರಳಿ ಬೇಗ ಮುಚ್ಚಿಕೊಳ್ಳುತ್ತದೆ. ಕಾಯಿ ಬಲಿತಾಗ ಕುಂಕುಮದ ಕರಡಿಗೆಯ ಮುಚ್ಚಳ ತೆಗೆದ ಹಾಗೆ ಮೇಲಿನ ಅರ್ಧ ಕಳಚಿ ಬೀಳುತ್ತದೆ. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ. ಈ ಮುಚ್ಚಳವನ್ನು ಮೊದಲ ಸಲ ಕಣ್ಣಾರೆ ನೋಡಿದ ದಿನ ಆದ ಖುಷಿ ಇನ್ನೂ ನೆನಪಿದೆ. ಇನ್ನೊಂದು ಸಂಗತಿ ನಾಲಿಗೆಗೇ ಗೊತ್ತಾಗುತ್ತದೆ. ಮಣ್ಣು ಒಣಗಿದಾಗ ಈ ಗಿಡ ರಾತ್ರಿ ಹೊತ್ತು ಮ್ಯಾಲಿಕ್ ಆಮ್ಲವನ್ನು ಕೂಡಿಟ್ಟುಕೊಳ್ಳುತ್ತದೆ, ಹಗಲಿನಲ್ಲಿ ಅದನ್ನು ಖರ್ಚು ಮಾಡುತ್ತದೆ. ಹಾಗಾಗಿ ಬೆಳಿಗ್ಗೆ ಕಿತ್ತರೆ ಹುಳಿ ಜಾಸ್ತಿ, ಸಂಜೆ ಕಡಿಮೆ.

ಹೆಸರಿನ ವಿಷಯದಲ್ಲೂ ಹುಷಾರಾಗಿರಬೇಕು. ಬ್ರಾಹ್ಮಿ ಅಂದರೆ ಕೆಲವರಿಗೆ ಒಂದೆಲಗ, ಇನ್ನು ಕೆಲವರಿಗೆ ಬಕೋಪಾ ಅನ್ನುವ ಬೇರೆಯೇ ಗಿಡ. ಗೋಳಿ ಅಂದರೆ ಕೆಲವರ ಮನಸ್ಸಿಗೆ ಬರುವುದು ದೊಡ್ಡ ಮರ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಲ್ಯಾಟಿನ್ ಹೆಸರನ್ನೂ ಬರೆಯುತ್ತೇನೆ. ಪೋರ್ಟುಲಾಕಾ ಒಲೆರೇಸಿಯಾ ಅಂದರೆ ಎಲ್ಲಿ ಹೋದರೂ ಅದೊಂದೇ ಗಿಡ. ಫೋನಿನ ಆ್ಯಪ್ ಹೇಳುವ ಹೆಸರನ್ನು ಹುಡುಕಾಟದ ಮೊದಲ ಸುಳಿವು ಅಂತ ಮಾತ್ರ ಇಟ್ಟುಕೊಳ್ಳುತ್ತೇನೆ. ಅದನ್ನು ನಂಬಿ ಒಂದು ಎಲೆಯನ್ನೂ ಬಾಯಿಗೆ ಹಾಕಿಲ್ಲ.

ಎರಡನೇ ವರ್ಷ ಹರಿವೆ ಮತ್ತು ಗಣಿಕೆ ಸೇರಿಕೊಂಡವು. ಗಣಿಕೆಗೆ ನಾನು ತುಂಬಾ ಸಮಯ ಕೊಟ್ಟೆ. ಅದರ ಹಸಿರು ಕಾಯಿಯಲ್ಲಿ ಸೊಲನೀನ್ ಜಾತಿಯ ವಿಷ ಇರುತ್ತದೆ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಪೂರ್ತಿ ಕಪ್ಪಾಗಿ, ಮುಟ್ಟಿದರೆ ಉದುರುವಂಥ ಹಣ್ಣು ಬಿಟ್ಟರೆ ಬೇರೆ ಯಾವುದನ್ನೂ ತಿನ್ನಲಿಲ್ಲ. ಬೆಲ್ಲಡೋನಾ ಅನ್ನುವ ಭಯಂಕರ ವಿಷದ ಗಿಡವೂ ಕಪ್ಪು ಹಣ್ಣನ್ನೇ ಬಿಡುತ್ತದೆ. ಆದರೆ ಗಣಿಕೆಯ ಹಣ್ಣು ಗೊಂಚಲು ಗೊಂಚಲಾಗಿರುತ್ತದೆ, ಅದರದ್ದು ಒಂಟಿ, ದೊಡ್ಡದು, ಕೆಳಗೆ ನಕ್ಷತ್ರದಂತೆ ಬಿಚ್ಚಿಕೊಂಡ ತೊಟ್ಟು. ಹಕ್ಕಿ ತಿಂದರೆ ಮನುಷ್ಯರೂ ತಿನ್ನಬಹುದು ಅನ್ನುವ ಮಾತಿದೆ ಅಲ್ವಾ? ಅದು ಸುಳ್ಳು. ಬೆಲ್ಲಡೋನಾ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ.

ಸ್ವಲ್ಪ ತಿಂದು ನೋಡಿ, ಏನೂ ಆಗದಿದ್ದರೆ ಜಾಸ್ತಿ ತಿನ್ನಬಹುದು ಅನ್ನುವುದು ಇನ್ನೂ ಅಪಾಯದ ಮಾತು. ಡೆತ್ ಕ್ಯಾಪ್ ಅನ್ನುವ ಅಣಬೆ ತಿಂದವರಿಗೆ ಸಾಮಾನ್ಯವಾಗಿ ಮೊದಲ 6ರಿಂದ 12 ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ, ಭೇದಿ. ನಡುವೆ ಒಂದಷ್ಟು ಹೊತ್ತು ಸುಧಾರಿಸಿದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಯಕೃತ್ತು ಹಾಳಾಗುತ್ತಿರುತ್ತದೆ. ಗಿಡ ಯಾವುದು ಅಂತ ಖಚಿತವಾದ ಮೇಲೇ ರುಚಿ. ಅಣಬೆಗೆ ನಾನು ಕೈ ಹಾಕಿಲ್ಲ. ಕ್ಯಾರೆಟ್ ಕುಟುಂಬದ ಕಾಡುಗಿಡಗಳಿಗೂ ಅಷ್ಟೇ. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್‌ಗೆ ಕುಡಿಸಿದ ಹೆಮ್ಲಾಕ್ ಅದೇ ಕುಟುಂಬದ್ದು, ಎಲೆ ನೋಡಿದರೆ ಕ್ಯಾರೆಟ್ ಎಲೆಯ ಹಾಗೇ ಇರುತ್ತದೆ.

ಗುರುತು ಖಚಿತವಾದ ಮೇಲೂ ಹೊಸ ಸೊಪ್ಪನ್ನು ಮೊದಲ ಸಲ ಬೇಯಿಸಿ, ಎರಡು ಚಮಚದಷ್ಟು ತಿಂದು, ಒಂದು ದಿನ ಕಾಯುತ್ತೇನೆ. ಒಂದೇ ದಿನ ಎರಡು ಹೊಸ ಸೊಪ್ಪು ಬೆರೆಸುವುದಿಲ್ಲ. ಹಸಿ ಗಿಡದ ಒಂದು ತುಂಡನ್ನು ಹೂವು, ಕಾಯಿ ಸಮೇತ ಎತ್ತಿಡುತ್ತೇನೆ, ಏನಾದರೂ ಆದರೆ ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ. ಗೋಳಿ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ. ಕಿಡ್ನಿಯಲ್ಲಿ ಕಲ್ಲಾಗುವವರು ದೂರ ಇರುವುದು ಒಳ್ಳೆಯದು.

ಎಲ್ಲಿ ಕೀಳುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ರಸ್ತೆ ಬದಿಯದ್ದು ಬೇಡವೇ ಬೇಡ. ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಆದರೆ ದಶಕಗಳ ಕಾಲ ಮಣ್ಣಿಗೆ ಬಿದ್ದ ಸೀಸ ಎಲ್ಲೂ ಹೋಗಿಲ್ಲ. ಗೊಬ್ಬರ ಸುರಿದ ಜಮೀನಿನ ಹರಿವೆಯಲ್ಲಿ ನೈಟ್ರೇಟ್ ತುಂಬಿರಬಹುದು. ಎಲೆಯ ಅಂಚು ಹಳದಿಯಾಗಿ, ಕಾಂಡ ತಿರುಚಿಕೊಂಡು ನಿಂತಿದ್ದರೆ ಕಳೆನಾಶಕ ಹೊಡೆದಿರಬಹುದು ಅಂತ ಅಲ್ಲಿಂದ ಎದ್ದು ಬರುತ್ತೇನೆ. ಜಾಗದವರನ್ನು ಕೇಳಿದರೆ ಇವೆಲ್ಲ ಗೊತ್ತಾಗುತ್ತದೆ. ಹೇಗೂ ಅವರನ್ನು ಕೇಳದೆ ಕೀಳಬಾರದು.

ಎಷ್ಟು ಕೀಳಬಹುದು ಅನ್ನುವುದಕ್ಕೆ "ಮೂರರಲ್ಲಿ ಒಂದು ಪಾಲು" ಅನ್ನುವ ಲೆಕ್ಕ ಕೇಳಿದ್ದೆ. ಅದು ನನಗೆ ಸರಿ ಕಾಣಲಿಲ್ಲ. ಒಬ್ಬರಾದ ಮೇಲೊಬ್ಬರು ಮೂರು ಜನ ಬಂದು ಇದೇ ಲೆಕ್ಕ ಹಿಡಿದರೆ, ಕೊನೆಗೆ ಉಳಿಯುವುದು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮೊದಲು ಬಂದವರು ಯಾರು ಅಂತ ನನಗೆ ಗೊತ್ತಿರುವುದಿಲ್ಲ. ಗಿಡಕ್ಕೆ ತಕ್ಕ ಹಾಗೆ ಲೆಕ್ಕ ಬೇರೆ ಆಗಬೇಕು. ಗೋಳಿ ಸೊಪ್ಪಿನ ತುದಿ ಕತ್ತರಿಸಿದರೆ ಗಿಣ್ಣಿನಿಂದ ಮತ್ತೆ ಚಿಗುರುತ್ತದೆ. ಗೆಡ್ಡೆಯ ಗಿಡ ಕಿತ್ತರೆ ಅಲ್ಲಿಗೆ ಮುಗಿಯಿತು. ಉತ್ತರ ಅಮೆರಿಕದಲ್ಲಿ ರ‍್ಯಾಂಪ್ ಅನ್ನುವ ಕಾಡು ಈರುಳ್ಳಿ ಇದೆ. ಬೀಜದಿಂದ ಬೆಳೆದು ಹೂಬಿಡಲು ಅದಕ್ಕೆ ಏಳು ವರ್ಷದವರೆಗೂ ಬೇಕಾಗುತ್ತದೆ. ಜನ ಗೆಡ್ಡೆ ಸಮೇತ ಕಿತ್ತು ಕಿತ್ತು, ಕೆನಡಾದ ಕ್ವೆಬೆಕ್ ಪ್ರಾಂತ್ಯ 1995ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಬೇಕಾಯಿತು. ನಾನು ಗೆಡ್ಡೆ ಅಗೆಯುವುದಿಲ್ಲ. ಅಡುಗೆಗೆ ತಾನಾಗಿ ಬೆಳೆದ ಸೊಪ್ಪನ್ನೇ ನಂಬಿಕೊಂಡವರು ಕೀಳುವ ಜಾಗಕ್ಕೂ ಹೋಗುವುದಿಲ್ಲ. ನನಗೆ ಅದು ಬೇಕೇ ಬೇಕು ಅಂತೇನಿಲ್ಲ.

ಹೋದ ಸಲ ಕತ್ತರಿ ಹಿಡಿದು ಕೂತಾಗ ಗೋಳಿ ಸೊಪ್ಪಿನ ಎಲೆಯ ಮೇಲೆ ಕಪ್ಪು ಹುಳ ಕಂಡಿತು, ಮೈತುಂಬ ಕವಲೊಡೆದ ಮುಳ್ಳು. ಡೆನೈಡ್ ಎಗ್‌ಫ್ಲೈ ಅನ್ನುವ ಚಿಟ್ಟೆಯ ಮರಿ ಅದು. ಈ ಸೊಪ್ಪೇ ಅದರ ಊಟ. ಅದರ ಹೆಣ್ಣು ಚಿಟ್ಟೆ ಪ್ಲೇನ್ ಟೈಗರ್ ಅನ್ನುವ ವಿಷದ ಚಿಟ್ಟೆಯನ್ನು ಹೋಲುತ್ತದೆ, ಹಕ್ಕಿಗಳೂ ಮೋಸ ಹೋಗಿ ಅದನ್ನು ಬಿಟ್ಟುಬಿಡುತ್ತವೆ. ಬಗ್ಗಿ ಎಣಿಸಿದೆ. ಒಂದೇ ಗಿಡದಲ್ಲಿ ಐದು ಹುಳ, ಅರ್ಧ ತಿಂದ ಎಲೆಗಳು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಕತ್ತರಿ ಮಡಚಿ ಚೀಲದಲ್ಲಿಟ್ಟು ಎದ್ದೆ.