ಸೈನ್ಯಕ್ಕೆ ಎಷ್ಟು ಜನ ಬೇಕು: ಲೆಕ್ಕ ಹಾಕಿದವನ ಅನುಭವ

ದೆಹಲಿಯ ಸೇನಾ ಮುಖ್ಯ ಕಚೇರಿಯಲ್ಲಿ, ಯೋಜನೆ ವಿಭಾಗದಲ್ಲಿ ಇದ್ದಾಗ ನನ್ನ ಕೆಲಸವೇ ಇದು. ಇನ್ನು ಹತ್ತು ಹದಿನೈದು ವರ್ಷಕ್ಕೆ ನಮಗೆ ಎಂಥ ಸೈನ್ಯ ಬೇಕು, ಎಷ್ಟು ಬೇಕು ಅಂತ ಬರೆದುಕೊಡುವುದು. ಚೀನಾ ಏನು ಮಾಡುತ್ತೆ, ಪಾಕಿಸ್ತಾನ ಏನು ಮಾಡುತ್ತೆ ಅಂತ ಸುಮ್ನೆ ಊಹಿಸುತ್ತಾ ಕೂತರೆ ಫೈಲ್ ಮುಂದಕ್ಕೆ ಹೋಗಲ್ಲ. ಅವರ ಮನಸ್ಸು ರಾತ್ರೋರಾತ್ರಿ ಬದಲಾಗಬಹುದು, ನಮಗೆ ಒಂದು ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ) ಕಟ್ಟಲು ವರ್ಷಗಟ್ಟಲೆ ಬೇಕು. ಅದಕ್ಕೇ ನಾನು ಬೇರೆ ಕಡೆಯಿಂದ ಶುರು ಮಾಡುತ್ತಿದ್ದೆ: ಏನೇ ಆದರೂ ಕೈ ಬಿಡಬಾರದ ಜಾಗ ಯಾವುದು, ಅದನ್ನು ಕಾಯಲು ಬೇಕಾದದ್ದರಲ್ಲಿ ಕೊನೇ ಗಳಿಗೆಯಲ್ಲಿ ತಯಾರಾಗದೇ ಇರುವುದು ಯಾವುದು?

ಲಡಾಖನ್ನೇ ತಗೊಳ್ಳಿ. ಬಯಲಿನಿಂದ ಬಂದ ಜವಾನನನ್ನು ನೇರ ಮೇಲಕ್ಕೆ ಹತ್ತಿಸುವ ಹಾಗಿಲ್ಲ. 9,000 ಅಡಿ ದಾಟಿದ ಮೇಲೆ 6 ದಿನ, 12,000 ದಾಟಿದ ಮೇಲೆ 4 ದಿನ, 15,000 ದಾಟಿದರೆ ಮತ್ತೆ 4 ದಿನ ಮೈ ಒಗ್ಗಿಸಿಕೊಳ್ಳಬೇಕು. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಅಂದರೆ ಕಾಗದದಲ್ಲಿ ಇರುವ ಡಿವಿಷನ್ ಎರಡು ವಾರ ಬೆಟ್ಟದ ಮೇಲೆ ಇರುವುದೇ ಇಲ್ಲ. ಮೇಲಿರುವವರಿಗೆ ರಜೆ ಬೇಡವಾ? ಬದಲಿ ಬೇಕು, ತರಬೇತಿ ಬೇಕು, ಕಾಯಿಲೆ ಬಿದ್ದವರನ್ನು ಕೆಳಗಿಳಿಸಬೇಕು. ಸಂಖ್ಯೆ ಬೆಳೆಯುವುದು ಇಲ್ಲೇ.

2013ರಲ್ಲಿ ಸರ್ಕಾರ ಬೆಟ್ಟದ ಯುದ್ಧಕ್ಕೆಂದೇ 17ನೇ ಕೋರ್ (ಹಲವು ಡಿವಿಷನ್ ಸೇರಿದ ಪಡೆ) ಕಟ್ಟಲು ಒಪ್ಪಿತು. ಸುಮಾರು 90,000 ಜನ, 60,000 ಕೋಟಿಗೂ ಜಾಸ್ತಿ ಖರ್ಚು. ದುಡ್ಡು ಸಾಲದೆ ಅರ್ಧಕ್ಕೇ ನಿಂತಿತು. 2020ರಲ್ಲಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನಾ ಜೊತೆ ಘರ್ಷಣೆ ಆದ ಮೇಲೆ, ಪಶ್ಚಿಮಕ್ಕೆ, ಪಾಕಿಸ್ತಾನದ ಕಡೆಗೆ ಮುಖ ಮಾಡಿದ್ದ ಮಥುರಾದ 1ನೇ ಕೋರನ್ನು ಉತ್ತರಕ್ಕೆ, ಚೀನಾ ಕಡೆಗೆ ತಿರುಗಿಸಿದರು. ಒಂದೇ ಶತ್ರುವಿಗೆ ಅಂತ ಮೀಸಲಿಡದೆ, ಎರಡೂ ಕಡೆ ಹೋಗಬಲ್ಲ ಪಡೆ ಬೇಕು ಅಂತ ನಾನು ಹಟ ಹಿಡಿಯುತ್ತಿದ್ದದ್ದು ಇದಕ್ಕೇ. ಆದರೆ ಅಂಥ ಪಡೆಗೆ ರಸ್ತೆ, ಸುರಂಗ, ಚಳಿಗಾಲದ ಬಟ್ಟೆಬರೆ ಮೊದಲೇ ಸಿದ್ಧ ಇರಬೇಕು. ಜನರಿಗಿಂತ ಮೊದಲು ಇವಕ್ಕೆ ದುಡ್ಡು ಇಡಿ ಅಂತಲೇ ಬರೆಯುತ್ತಿದ್ದೆ.

ದುಡ್ಡಿನ ಮಾತು ಬಂದರೆ, 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಅದರಲ್ಲಿ ಪಿಂಚಣಿಗೇ ಸುಮಾರು 1.61 ಲಕ್ಷ ಕೋಟಿ, ಹೊಸ ಆಯುಧ ಇತ್ಯಾದಿ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಹಾಗಾಗಿ 2022ರ ಅಗ್ನಿಪಥ, ಅಂದರೆ ಅವಧಿ ಮುಗಿಸಿ ಹೋಗುವವರಿಗೆ ಪಿಂಚಣಿ ಇಲ್ಲದ ಸೈನಿಕರ ನೇಮಕಾತಿ ಯೋಜನೆ, ಯಾಕೆ ಬಂತು ಅಂತ ನನಗೆ ಅರ್ಥವಾಗುತ್ತೆ. ನಾಲ್ಕು ವರ್ಷದ ಸೇವೆ, ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ. 25 ಜನರನ್ನು. ಆದರೆ ಗುಂಡು ಹಾರುವಾಗ ಹುಡುಗರನ್ನು ಹಿಡಿದು ನಿಲ್ಲಿಸುವವನು ಹವಾಲ್ದಾರ್, ಜವಾನರ ಸಣ್ಣ ತುಕಡಿ ನಡೆಸುವ ಅನುಭವಿ. ಅವನು ಪಳಗಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು. ನಾನು ಈಗಲೂ ಆ ಮೇಜಿನಲ್ಲಿದ್ದರೆ ಮೊದಲು ಕೇಳುತ್ತಿದ್ದದ್ದು ಒಂದೇ: 2035ಕ್ಕೆ ಒಂದೊಂದು ಬೆಟಾಲಿಯನ್‌ನಲ್ಲೂ ಅಂಥವರು ಎಷ್ಟು ಜನ ಇರುತ್ತಾರೆ?