ಹೊಲೋಗ್ರಾಮ್ ಶೀಟ್ ರೆಂಡರ್: ನಾನು ಅಳತೆ ತಗೊಂಡಿದ್ದು ಹೀಗೆ

ತೀರ್ಥಹಳ್ಳಿಲಿ ಕೂತು ಕಂಪ್ಯೂಟರಲ್ಲಿ ತ್ರೀಡಿ ಚಿತ್ರ ಮೂಡಿಸೋ (ರೆಂಡರ್) ಕೆಲಸ ಮಾಡ್ತೀನಿ. ಗಿಫ್ಟ್ ಬಾಕ್ಸ್ ಒಂದಕ್ಕೆ ಹೊಲೋಗ್ರಾಮ್ ಶೀಟ್ ಸುತ್ತಿದ ಹಾಗೆ ಅನಿಮೇಷನ್ ಬೇಕಿತ್ತು. ಸಾಮಾನ್ಯವಾಗಿ ಕಾಮನಬಿಲ್ಲಿನ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸೋ ಚಿತ್ರ) ತಂದು ಅಂಟಿಸಿಬಿಡ್ತಾರೆ, ಫೋಟೋಗೆ ನಡೆಯುತ್ತೆ, ಆದ್ರೆ ಬಾಕ್ಸ್ ತಿರುಗಿದ್ರೆ ಬಣ್ಣನೂ ಅದರ ಜೊತೆಗೇ ತಿರುಗಿ ಸ್ಟಿಕ್ಕರ್ ಅಂತ ಗೊತ್ತಾಗಿಬಿಡುತ್ತೆ. ಶೀಟಲ್ಲಿ ಇರೋದು ಬಣ್ಣ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು. ಬೆಳಕು ಬೀಳೋ ಕೋನ, ನಾವು ನೋಡೋ ಕೋನ ಬದಲಾದ ಹಾಗೆ ಬಣ್ಣ ಬದಲಾಗುತ್ತೆ. ಸೋ ನಂಗೆ ಬೇಕಿದ್ದಿದ್ದು ಎರಡೇ, ಗೆರೆಗಳ ನಡುವಿನ ಅಂತರ ಮತ್ತೆ ಅವು ಯಾವ ದಿಕ್ಕಿಗಿವೆ ಅನ್ನೋದು.

ಅಂತರಕ್ಕೆ 532 ನ್ಯಾನೋಮೀಟರ್ ಹಸಿರು ಲೇಸರ್ ಸಾಕು. ರಟ್ಟಿಗೆ ತೂತು ಮಾಡಿ, ಅದರ ಹಿಂದಿಂದ ಲೇಸರ್ ಬಿಟ್ಟು, 50 ಸೆಂ.ಮೀ. ದೂರದಲ್ಲಿ ಶೀಟ್ ನೇರ ನಿಲ್ಲಿಸಿದೆ, ವಾಪಸ್ ಬರೋ ಚುಕ್ಕಿಗಳು ರಟ್ಟಿನ ಮೇಲೇ ಬೀಳ್ತವೆ, ಗೆರೆಗಳು ಹತ್ರ ಇದ್ದಷ್ಟೂ ಚುಕ್ಕಿ ತೂತಿಂದ ದೂರ. ಮೊದಲು ಹಳೇ ಸಿಡಿ ಇಟ್ಟು ನೋಡಿದೆ, ಅದರ ಗೆರೆ ಅಂತರ 1.6 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಂತ ಗೊತ್ತಿರೋದ್ರಿಂದ ಚುಕ್ಕಿ ತೂತಿಂದ 17.5 ಸೆಂ.ಮೀ. ಹತ್ರ ಬೀಳಬೇಕು, ಅಲ್ಲೇ ಬಿತ್ತು. ನನ್ನ ಶೀಟಿಗೆ 31 ಸೆಂ.ಮೀ. ಬಂತು, ಅಂದ್ರೆ ಹೆಚ್ಚುಕಮ್ಮಿ 1 ಮೈಕ್ರಾನ್. (ಚುಕ್ಕಿ ಎಲ್ಲೆಲ್ಲಿಗೋ ಹಾರುತ್ತೆ, ಕಣ್ಣು ಜೋಪಾನ, ಮಕ್ಕಳನ್ನ ಒಳಗೆ ಬಿಡಬೇಡಿ.)

ದಿಕ್ಕಿಂದು ಸ್ವಲ್ಪ ರಗಳೆ, ಯಾಕಂದ್ರೆ ಒಂದೊಂದು ಚೂರಿಗೂ ಗೆರೆ ಬೇರೆ ಕಡೆ. ಮಳೆಗಾಲದ ಥಂಡಿಗೆ ಶೀಟ್ ಸುರುಳಿ ಸುತ್ಕೊಳ್ಳುತ್ತೆ, ಹಾಗಾಗಿ ಗಾಜಿಗೆ ಅಂಟಿಸಿ, ಕ್ಯಾಮೆರಾ ನೇರ ಮೇಲಿಟ್ಟು, ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೇ ಇರೋ ಫೋಟೋ), ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಬದಲಾಗದ ಹಾಗೆ ಲಾಕ್ ಮಾಡಿ, ಟಾರ್ಚ್ ಒಂದನ್ನೇ ಸುತ್ತ ಸರಿಸ್ತಾ ಫೋಟೋ ತೆಗೀತಾ ಹೋದೆ. ಯಾವ ಚೂರು ಟಾರ್ಚ್ ಎಲ್ಲಿದ್ದಾಗ ಹೊಳೀತೋ, ಅದರ ಗೆರೆ ಆ ಕಡೆಗೆ ಅಡ್ಡಡ್ಡ ಇದೆ ಅಂತ ಲೆಕ್ಕ. ಆಷಾಢದಲ್ಲಿ ನಮ್ಮೂರಲ್ಲಿ ಕತ್ತಲೆ ರೂಮಿಗೇನೂ ಬರ ಇಲ್ಲ, ಕರೆಂಟೂ ಸಹಕಾರ ಕೊಡುತ್ತೆ.

ರೆಂಡರಿಗೆ ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರಿನ ಸೈಕಲ್ಸ್ ರೆಂಡರರಲ್ಲಿ ಓಎಸ್‌ಎಲ್ (ಶೇಡರ್, ಅಂದ್ರೆ ಮೇಲ್ಮೈ ಹೇಗೆ ಕಾಣಬೇಕು ಅಂತ ಹೇಳೋ ಪ್ರೋಗ್ರಾಮ್ ಬರೆಯೋ ಭಾಷೆ) ಸ್ಕ್ರಿಪ್ಟ್ ಬರೆದೆ, ಬೆಳಕಿನ ಕೋನ, ನೋಡೋ ಕೋನ ಎರಡರಿಂದ ತರಂಗದೂರ ತೆಗೆದು ಅದನ್ನ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಣ್ಣ ಮಾಡೋದು ಅಷ್ಟೇ. 1999ರಲ್ಲೇ ಜಾಸ್ ಸ್ಟ್ಯಾಮ್ ಅನ್ನೋ ಸಂಶೋಧಕರು ಸಿಗ್ರಾಫ್ ಅನ್ನೋ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಇಂಥ ಶೇಡರಿನ ಗಣಿತ ಕೊಟ್ಟಿದಾರೆ. ಒಂದೇ ತಾಪತ್ರಯ, ಸ್ಕ್ರಿಪ್ಟಿಗೆ ಲೈಟ್ ಎಲ್ಲಿದೆ ಅಂತ ತಾನಾಗೇ ಗೊತ್ತಾಗಲ್ಲ, ಆ ಜಾಗನ ನಾವೇ ಕೊಡಬೇಕು. ಮತ್ತೆ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನ ಹರಡಿ ಮೆದು ಮಾಡೋ ಅಗಲದ ಲೈಟ್) ಇಟ್ರೆ ಬಣ್ಣಗಳೆಲ್ಲ ಕಲೆಸಿ ಬೆಳ್ಳಗಾಗುತ್ತೆ, ಮೋಡದ ದಿನ ಶೀಟನ್ನ ಅಂಗಳಕ್ಕೆ ತಂದು ನೋಡಿ, ಬರೀ ಬೆಳ್ಳಿ ಥರ ಕಾಣುತ್ತೆ. ಅದಕ್ಕೇ ನಾನು ಸಣ್ಣ ಲೈಟುಗಳನ್ನೇ ಹಾಕಿದ್ದು.