ವಸಂತದ ಕಲಿಕೆಯನ್ನು ಶಾಲೆಯಿಂದ ಮನೆಯವರೆಗೆ ಒಯ್ಯುವ ಕ್ರಮ

ವಸಂತ ಋತುವನ್ನು ಕಲಿಸುವುದೆಂದರೆ ಒಂದು ದಿನದ ಕಾರ್ಯಕ್ರಮ ನಡೆಸುವುದು ಎಂಬ ರೂಢಿ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ಕಾಗದದ ಹೂಗಳು ಗೋಡೆಗೇರುತ್ತವೆ, ಮಕ್ಕಳು ಒಂದು ಹಾಡು ಹೇಳುತ್ತಾರೆ, ಪೋಷಕರು ಬಂದು ಚಪ್ಪಾಳೆ ತಟ್ಟಿ ಹೋಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಯ ಹೊರಗಿನ ಮರದಲ್ಲಿ ಆ ದಿನ ಏನಾಗುತ್ತಿತ್ತು ಎಂದು ಕೇಳಿದರೆ ಉತ್ತರಿಸುವವರು ಸಿಗುವುದು ಕಷ್ಟ. ವಸಂತವು ವಾರಗಟ್ಟಲೆ ನಡೆಯುವ ಬದಲಾವಣೆಯಾದ್ದರಿಂದ ಅದರ ಕಲಿಕೆಯೂ ಎಂಟು-ಹತ್ತು ವಾರಗಳ ಉದ್ದಕ್ಕೆ ಸಣ್ಣ ಸಣ್ಣ ಪಾಲುಗಳಾಗಿ ಹರಡಿಕೊಳ್ಳಬೇಕು. ಮನೆಯವರು ಕೊನೆಯ ದಿನದ ಪ್ರೇಕ್ಷಕರಾಗಿ ಉಳಿಯದೆ, ಆ ಇಡೀ ಅವಧಿಯ ಗಮನಿಸುವಿಕೆಯಲ್ಲಿ ಪಾಲುದಾರರಾಗಬೇಕು. ಆರರಿಂದ ಹತ್ತು ವರ್ಷದ ಮಕ್ಕಳಿರುವ ತರಗತಿಗಳಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆರಂಭಿಸುವ ಹೊತ್ತು

ಹಗಲು-ರಾತ್ರಿ ಹೆಚ್ಚುಕಡಿಮೆ ಸಮವಾಗಿರುವ ದಿನವಾದ ವಸಂತ ವಿಷುವವು ಉತ್ತರ ಗೋಳಾರ್ಧದಲ್ಲಿ ಮಾರ್ಚ್ 20ರ ಆಸುಪಾಸಿನಲ್ಲಿಯೂ ದಕ್ಷಿಣ ಗೋಳಾರ್ಧದಲ್ಲಿ ಸೆಪ್ಟೆಂಬರ್ 22 ಅಥವಾ 23ರ ಸುಮಾರಿಗೂ ಬರುತ್ತದೆ. ಕೆಲಸವನ್ನು ಆ ದಿನಕ್ಕಿಂತ ಮೂರು-ನಾಲ್ಕು ವಾರ ಮುಂಚೆಯೇ ಆರಂಭಿಸುವುದು ಒಳ್ಳೆಯದು. ಚಿಗುರು ಕಾಣಿಸಿಕೊಂಡ ಮೇಲೆ ಮಕ್ಕಳನ್ನು ಹೊರಗೆ ಕರೆದೊಯ್ದರೆ ಅವರಿಗೆ ಕಾಣುವುದು ಫಲಿತಾಂಶ ಮಾತ್ರ, ಬದಲಾವಣೆಯಲ್ಲ. ಭೂಮಧ್ಯರೇಖೆಗೆ ಸಮೀಪದ ಪ್ರದೇಶಗಳಲ್ಲಿ ಋತುಗಳ ಗಡಿ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಅಲ್ಲಿ ಕ್ಯಾಲೆಂಡರನ್ನು ಬದಿಗಿಟ್ಟು, ಹಳೆಯ ಎಲೆ ಉದುರಲು ತೊಡಗಿದ ಮರವೊಂದನ್ನು ಹುಡುಕಿಕೊಂಡು ಅದರಿಂದಲೇ ಲೆಕ್ಕ ಹಿಡಿಯಬೇಕು.

ಒಂದೇ ಮರ, ಒಂದೇ ಟೊಂಗೆ

ತರಗತಿಗೆ ಒಂದು ಮರ ಸಾಕು. ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಟೊಂಗೆಗಳಿರುವ, ದಿನವೂ ಹಾದುಹೋಗುವ ದಾರಿಯಲ್ಲಿರುವ ಮರವನ್ನು ಆಯ್ದುಕೊಳ್ಳಿ. ಇಬ್ಬರಿಬ್ಬರು ಮಕ್ಕಳಿಗೆ ಒಂದೊಂದು ಟೊಂಗೆಯನ್ನು ವಹಿಸಿ, ಅದಕ್ಕೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿಸಿ. ಬಿಗಿಯಾಗಿ ಕಟ್ಟಿದರೆ ಟೊಂಗೆ ದಪ್ಪವಾಗುತ್ತ ಬಂದಂತೆ ನೂಲು ತೊಗಟೆಯನ್ನು ಕೊರೆಯುತ್ತದೆ. ಮೊದಲ ದಿನದ ಕೆಲಸ ಎಣಿಕೆ. ನೂಲಿನಿಂದ ತುದಿಯವರೆಗೆ ಎಷ್ಟು ಮೊಗ್ಗುಗಳಿವೆ, ಅವು ಎದುರುಬದುರಾಗಿವೆಯೋ ಒಂದಾದ ಮೇಲೊಂದರಂತೆ ಬದಿ ಬದಲಿಸಿವೆಯೋ, ತುದಿಯ ಮೊಗ್ಗು ಉಳಿದವಕ್ಕಿಂತ ದೊಡ್ಡದೋ ಎಂಬುದನ್ನು ಬರೆದುಕೊಳ್ಳಲಿ. ಚಳಿಗಾಲದಲ್ಲಿ ಎಲೆಯುದುರಿಸುವ ಅನೇಕ ಮರಗಳ ಟೊಂಗೆಯನ್ನು ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಸಣ್ಣ ಉಂಗುರದಂಥ ಗೆರೆಗಳ ಗುಂಪು ಕಾಣುತ್ತದೆ. ಹಿಂದಿನ ವಸಂತದಲ್ಲಿ ತುದಿಮೊಗ್ಗಿನ ಹೊದಿಕೆ ಕಳಚಿಬಿದ್ದ ಗುರುತು ಅದು. ತುದಿಗೆ ಎಲ್ಲಕ್ಕಿಂತ ಹತ್ತಿರದ ಗುರುತಿನಿಂದ ತುದಿಯವರೆಗಿನ ಉದ್ದವೇ ಕಳೆದ ವರ್ಷದ ಬೆಳವಣಿಗೆ ಎಂದು ತಿಳಿದಾಗ ಮಕ್ಕಳು ತಾವಾಗಿಯೇ ಅಳತೆಪಟ್ಟಿ ಹುಡುಕಿಕೊಂಡು ಬರುತ್ತಾರೆ.

ಮುಂದೆ ವಾರಕ್ಕೆ ಎರಡು ಬಾರಿ, ಹತ್ತು ನಿಮಿಷ, ಅದೇ ಟೊಂಗೆಯನ್ನು ನೋಡಬೇಕು. ಮೊಗ್ಗು ಮುಚ್ಚಿದೆ, ಉಬ್ಬಿದೆ, ಹಸಿರು ತುದಿ ಇಣುಕಿದೆ, ಎಲೆ ಪೂರ್ತಿ ಬಿಡಿಸಿಕೊಂಡಿದೆ ಎಂಬ ನಾಲ್ಕು ಹಂತಗಳು ಸಾಕು. ಹೆಚ್ಚು ಹಂತಗಳನ್ನಿಟ್ಟರೆ ಯಾವುದು ಯಾವುದೆಂಬ ಜಗಳದಲ್ಲಿಯೇ ಸಮಯ ಕಳೆಯುತ್ತದೆ. ಟಿಪ್ಪಣಿ ಪುಸ್ತಕದ ಪುಟವನ್ನು ಎರಡಾಗಿ ಮಡಚಿ ಒಂದು ಬದಿಯಲ್ಲಿ ‘ಕಂಡದ್ದು’, ಇನ್ನೊಂದು ಬದಿಯಲ್ಲಿ ‘ಅಂದುಕೊಂಡದ್ದು’ ಎಂದು ಬರೆಸುವುದು ಬಹಳ ಉಪಯುಕ್ತ. ‘ಎಲೆಯ ಅಂಚಿನಲ್ಲಿ ರಂಧ್ರವಿದೆ’ ಎಂಬುದು ಮೊದಲ ಬದಿಗೆ, ‘ಹುಳು ತಿಂದಿರಬೇಕು’ ಎಂಬುದು ಎರಡನೆಯದಕ್ಕೆ ಸೇರುತ್ತದೆ. ಏಳು ವರ್ಷದ ಮಕ್ಕಳಿಗೂ ಈ ವ್ಯತ್ಯಾಸ ಎಟುಕುತ್ತದೆ. ಛಾಯಾಚಿತ್ರ ತೆಗೆಯುವುದಕ್ಕಿಂತ ಚಿತ್ರ ಬರೆಯಿಸುವುದನ್ನೇ ಮುಂದೆ ಮಾಡಿ. ಬರೆಯುವಾಗ ಎಲೆಯ ನರಗಳು ಎಲ್ಲಿಂದ ಕವಲೊಡೆಯುತ್ತವೆ ಎಂದು ನೋಡಲೇಬೇಕಾಗುತ್ತದೆ, ಕ್ಯಾಮೆರಾ ಆ ಶ್ರಮವನ್ನು ತಪ್ಪಿಸಿಬಿಡುತ್ತದೆ.

ಇಂಥ ದಾಖಲೆಗೆ ಬೆಲೆಯಿದೆಯೇ ಎಂದು ಮಕ್ಕಳು ಕೇಳಿದರೆ ರಾಬರ್ಟ್ ಮಾರ್ಷಮ್ ಅವರ ಸಂಗತಿಯನ್ನು ಹೇಳಬಹುದು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿದ್ದ ಇವರು 1736ರಿಂದ ಪ್ರತಿ ವರ್ಷ ಮೊದಲ ಹೂ ಅರಳಿದ, ಮರಗಳು ಎಲೆ ಬಿಟ್ಟ, ವಲಸೆ ಹಕ್ಕಿಗಳು ಬಂದ ದಿನಗಳನ್ನು ಬರೆದಿಟ್ಟರು. ಅವರ ನಂತರ ಅದೇ ಕುಟುಂಬದವರು ಈ ಕೆಲಸವನ್ನು 1958ರವರೆಗೆ ನಡೆಸಿಕೊಂಡು ಬಂದರು. ಹವಾಮಾನ ಬದಲಾದಂತೆ ಮರಗಳು ಎಲೆ ಬಿಡುವ ದಿನ ಎಷ್ಟು ಸರಿದಿದೆ ಎಂದು ಅರಿಯಲು ವಿಜ್ಞಾನಿಗಳು ಆ ದಿನಾಂಕಗಳನ್ನು ಬಳಸಿಕೊಂಡಿದ್ದಾರೆ. ಅದು ಪ್ರಯೋಗಶಾಲೆಯ ಕೆಲಸವಾಗಿರಲಿಲ್ಲ, ಮನೆಮಂದಿಯ ಕೆಲಸವಾಗಿತ್ತು ಎಂಬುದನ್ನು ಪೋಷಕರಿಗೂ ತಿಳಿಸುವುದು ಲೇಸು.

ಲೋಟದಲ್ಲಿ ಬೀಜ

ಬೀಜ ಮೊಳೆಯಿಸುವ ಪ್ರಯೋಗ ಎಲ್ಲರಿಗೂ ಗೊತ್ತಿರುವುದೇ. ಅದು ಕೆಡುವುದು ಮಾತ್ರ ಸಾಮಾನ್ಯವಾಗಿ ನೀರು ಹೆಚ್ಚಾಗುವುದರಿಂದ. ಬೀನ್ಸ್ ಬೀಜಗಳನ್ನು ರಾತ್ರಿ ನೆನೆಸಿಡಿ. ಪಾರದರ್ಶಕ ಲೋಟದ ಒಳಗೋಡೆಗೆ ನೀರು ಹೀರುವ ಕಾಗದವನ್ನು ಸುತ್ತಿ, ಕಾಗದಕ್ಕೂ ಲೋಟಕ್ಕೂ ನಡುವೆ, ಅರ್ಧ ಎತ್ತರದಲ್ಲಿ ಬೀಜವನ್ನು ಸಿಕ್ಕಿಸಿ, ತಳದಲ್ಲಿ ಬೆರಳಗಲದಷ್ಟು ಮಾತ್ರ ನೀರು ಹಾಕಿ. ನೀರು ಕಾಗದದ ಮೂಲಕ ಮೇಲೇರಿ ಬೀಜವನ್ನು ಮುಟ್ಟಬೇಕು. ಬೀಜ ನೀರಿನಲ್ಲಿಯೇ ಮುಳುಗಿದ್ದರೆ ಗಾಳಿ ಸಿಗದೆ ಕೊಳೆಯುತ್ತದೆ. ಔಷಧ ಲೇಪಿಸಿದ ಬಿತ್ತನೆ ಬೀಜವನ್ನು ಮಕ್ಕಳ ಕೈಗೆ ಕೊಡಕೂಡದು. ಬೆಚ್ಚಗಿನ ಕೋಣೆಯಲ್ಲಿ ಕೆಲವೇ ದಿನಗಳಲ್ಲಿ ಬೇರು ಹೊರಬರುತ್ತದೆ. ಬೀಜವನ್ನು ಹೇಗೆ ತಿರುಗಿಸಿಟ್ಟಿದ್ದರೂ ಬೇರು ಬಾಗಿ ಕೆಳಗೇ ಹೋಗುವುದನ್ನು ತೋರಿಸಲು ಒಂದೇ ಲೋಟದಲ್ಲಿ ಮೂರು ಬೀಜಗಳನ್ನು ಮೂರು ದಿಕ್ಕಿಗೆ ಇಡಿಸಿ. ಪಕ್ಕದಲ್ಲಿ ಒಂದು ಲೋಟ ಬಟಾಣಿಯೂ ಇರಲಿ. ಬೀನ್ಸ್ ಗಿಡದ ಕಾಂಡ ಕೊಕ್ಕೆಯಂತೆ ಬಾಗಿ ಬೀಜದಳಗಳನ್ನು ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಬಟಾಣಿ ತನ್ನ ಬೀಜದಳಗಳನ್ನು ಇದ್ದಲ್ಲಿಯೇ ಬಿಟ್ಟು ಚಿಗುರನ್ನು ಮಾತ್ರ ಮೇಲೆ ಕಳುಹಿಸುತ್ತದೆ. ಈ ಭೇದವನ್ನು ಶಿಕ್ಷಕರು ಮೊದಲೇ ಹೇಳಿಬಿಡಬಾರದು.

ಇನ್ನೊಂದು ಲೋಟವನ್ನು ಕತ್ತಲೆಯ ಕಪಾಟಿನಲ್ಲಿಡಿ. ಇಡುವ ಮುನ್ನ, ಬೆಳಕಿನಲ್ಲಿಟ್ಟ ಗಿಡಕ್ಕಿಂತ ಇದು ಎತ್ತರವಾಗುವುದೋ ಕುಳ್ಳಾಗುವುದೋ ಎಂದು ಪ್ರತಿಯೊಬ್ಬರೂ ಊಹಿಸಿ ಬರೆಯಲಿ. ಬಹುಪಾಲು ಮಕ್ಕಳು ಕುಳ್ಳು ಎನ್ನುತ್ತಾರೆ, ದೊಡ್ಡವರೂ ಹಾಗೆಯೇ ಎನ್ನುವುದುಂಟು. ಕಪಾಟಿನಿಂದ ಹೊರಬರುವುದು ಉದ್ದನೆಯ, ತೆಳ್ಳನೆಯ, ಹಳದಿಗಟ್ಟಿದ ಗಿಡ. ಬೆಳಕನ್ನು ಹುಡುಕಿಕೊಂಡು ಅದು ತನ್ನಲ್ಲಿದ್ದ ಆಹಾರವನ್ನೆಲ್ಲ ಉದ್ದಕ್ಕೇ ಖರ್ಚು ಮಾಡಿರುತ್ತದೆ.

ಅಳತೆಯ ವಿಷಯದಲ್ಲಿ ಒಂದು ಉಪಾಯವಿದೆ. ಒಂದನೆಯ, ಎರಡನೆಯ ತರಗತಿಯವರಿಗೆ ಸೆಂಟಿಮೀಟರ್ ಇನ್ನೂ ಕೈಗೆ ಹತ್ತಿರುವುದಿಲ್ಲವಾದ್ದರಿಂದ, ಗಿಡದ ಪಕ್ಕದಲ್ಲಿ ಕಾಗದದ ಪಟ್ಟಿಯನ್ನು ಹಿಡಿದು ಅದೇ ಎತ್ತರಕ್ಕೆ ಕತ್ತರಿಸಿ, ದಿನಾಂಕದ ಮೇಲೆ ನೇರವಾಗಿ ಅಂಟಿಸಲಿ. ಎರಡು ವಾರ ಕಳೆಯುವುದರೊಳಗೆ ಗೋಡೆಯ ಮೇಲೆ ಸ್ತಂಭಾಲೇಖವೊಂದು ತಾನಾಗಿ ನಿಂತಿರುತ್ತದೆ. ರಜೆಯ ದಿನಗಳ ಜಾಗವನ್ನು ಖಾಲಿ ಬಿಡಿಸಿ. ಅಂದಾಜಿನ ಪಟ್ಟಿ ಅಂಟಿಸುವ ಆಸೆಗೆ ಯಾರೂ ಬೀಳದಿರಲಿ.

ನೆರಳು ಮತ್ತು ಹಗಲು

ಬಯಲಿನಲ್ಲಿ ನೇರವಾದ ಕೋಲೊಂದನ್ನು ನೆಟ್ಟು, ವಿಷುವದ ದಿನ ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಕಲ್ಲಿಟ್ಟು ಗುರುತು ಮಾಡಿದರೆ, ಸಂಜೆಯ ಹೊತ್ತಿಗೆ ಆ ಕಲ್ಲುಗಳು ಹೆಚ್ಚುಕಡಿಮೆ ಒಂದೇ ನೇರ ಗೆರೆಯಲ್ಲಿರುತ್ತವೆ. ಬೇರೆ ಋತುಗಳಲ್ಲಿ ಆ ಗೆರೆ ಬಾಗಿರುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದೆಂಬ ಎಚ್ಚರಿಕೆಯನ್ನು ಪ್ರತಿ ಸಲವೂ ಕೊಡಬೇಕು. ಅಂದು ಹಗಲು-ರಾತ್ರಿ ಸಮ ಎನ್ನುತ್ತೇವಾದರೂ, ವಾತಾವರಣವು ಬೆಳಕನ್ನು ಬಾಗಿಸುವುದರಿಂದಲೂ ಸೂರ್ಯಬಿಂಬದ ಮೇಲಂಚು ಕಂಡೊಡನೆ ಉದಯವೆಂದು ಲೆಕ್ಕ ಹಿಡಿಯುವುದರಿಂದಲೂ ಹಗಲು ಕೆಲವು ನಿಮಿಷ ಹೆಚ್ಚಿರುತ್ತದೆ. ಉದಯಾಸ್ತಗಳ ಪಟ್ಟಿಯನ್ನು ನೋಡಿದ ಚುರುಕು ಮಕ್ಕಳು ಈ ಪ್ರಶ್ನೆಯನ್ನು ಎತ್ತದೆ ಬಿಡುವುದಿಲ್ಲ.

ಮನೆಯವರ ಪಾಲು

ಪೋಷಕರ ಸಹಭಾಗಿತ್ವವೆಂದರೆ ಅವರು ಶಾಲೆಗೆ ಬರುವುದು ಎಂದಷ್ಟೇ ಅರ್ಥ ಮಾಡಿಕೊಂಡರೆ, ಹಗಲಿನಲ್ಲಿ ದುಡಿಯುವ ಮನೆಗಳೆಲ್ಲ ಹೊರಗುಳಿಯುತ್ತವೆ. ಕುಟುಂಬ ಮತ್ತು ಶಾಲೆಯ ಸಂಬಂಧವನ್ನು ದೀರ್ಘಕಾಲ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಜಾಯ್ಸ್ ಎಪ್‌ಸ್ಟೀನ್ ಅವರು ಈ ಸಹಭಾಗಿತ್ವವನ್ನು ಆರು ಬಗೆಗಳಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಶಾಲೆಗೆ ಬಂದು ಕೈಜೋಡಿಸುವ ಸ್ವಯಂಸೇವೆ ಒಂದಾದರೆ, ಮನೆಯಲ್ಲಿ ಕಲಿಕೆಗೆ ನೆರವಾಗುವುದು ಅದರಷ್ಟೇ ಮುಖ್ಯವಾದ ಇನ್ನೊಂದು. ವಸಂತದ ಕಲಿಕೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆ.

ಮನೆಗೆ ಕೊಡುವ ಕೆಲಸವನ್ನು ಮೂರು ಮಾನದಂಡಗಳಿಂದ ತೂಗಿ ನೋಡಿ: ಹತ್ತು ನಿಮಿಷದಲ್ಲಿ ಮುಗಿಯಬೇಕು, ಏನನ್ನೂ ಕೊಳ್ಳುವಂತಿರಬಾರದು, ಅದರ ಫಲ ತರಗತಿಗೆ ನಿಜವಾಗಿಯೂ ಬೇಕಾಗಿರಬೇಕು. ಮೂರನೆಯದನ್ನು ಮರೆಯುವವರೇ ಹೆಚ್ಚು. ಥರ್ಮಾಕೋಲಿನ ಉದ್ಯಾನದ ಮಾದರಿಯನ್ನು ಮಾಡಿ ತರಲು ಹೇಳಿದರೆ ರಾತ್ರಿ ಹನ್ನೊಂದರವರೆಗೆ ಅಂಟು ಹಚ್ಚುವವರು ತಾಯಿ-ತಂದೆಯರೇ ಹೊರತು ಮಗುವಲ್ಲ, ಮರುದಿನ ಆ ಮಾದರಿಯಿಂದ ತರಗತಿ ಕಲಿಯುವುದೂ ಏನಿಲ್ಲ. ಬದಲಾಗಿ, ಪ್ರತಿ ಮಗುವಿನ ಕೈಯಲ್ಲಿ ಬೀಜದ ಲೋಟವೊಂದನ್ನು ಕಳುಹಿಸಿ, ಅದನ್ನು ಮನೆಯ ಯಾವ ಜಾಗದಲ್ಲಿಟ್ಟರು, ಬೇರು ಯಾವ ದಿನ ಕಂಡಿತು ಎಂಬ ಎರಡೇ ಸಂಗತಿಗಳನ್ನು ಬರೆದು ತರಲು ಹೇಳಿ. ಒಲೆಯ ಬಳಿಯ ಲೋಟ, ತಣ್ಣನೆಯ ಕಿಟಕಿಯ ಲೋಟ, ಕಪಾಟಿನ ಮೇಲಿನ ಲೋಟ ಎಂದು ಮೂವತ್ತು ಮನೆಗಳ ಮಾಹಿತಿ ಒಂದೇ ಪಟ್ಟಿಯಲ್ಲಿ ಬಂದಾಗ ಶಾಖಕ್ಕೂ ಮೊಳೆಯುವಿಕೆಗೂ ಇರುವ ಸಂಬಂಧ ಎದುರಿಗೆ ನಿಲ್ಲುತ್ತದೆ. ತರಗತಿಯ ಒಂದೇ ಕಿಟಕಿಯಿಂದ ಇದು ಸಾಧ್ಯವಿರಲಿಲ್ಲ.

ಜೊತೆಗೆ ಕಳುಹಿಸುವ ಪತ್ರ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು:

‘ಮನೆಯ ಹಿರಿಯರಿಗೆ ನಮಸ್ಕಾರ. ಇಂದು ಮಗು ಒಂದು ಲೋಟವನ್ನು ತರುತ್ತದೆ. ಅದರಲ್ಲಿ ನೆನೆಸಿದ ಎರಡು ಬೀಜಗಳಿವೆ. ಅದನ್ನು ಎಲ್ಲಿಡಬೇಕೆಂದು ಮಗುವೇ ತೀರ್ಮಾನಿಸಲಿ. ಬೇರು ಕಾಣಿಸಿದ ದಿನ ದಯವಿಟ್ಟು ನೀವೂ ಜೊತೆಗೆ ನಿಂತು ನೋಡಿ, ದಿನಾಂಕವನ್ನು ಮಗುವಿನ ಕೈಯಲ್ಲೇ ಬರೆಸಿ. ಬೀಜ ಮೊಳೆಯದಿದ್ದರೂ ಚಿಂತೆಯಿಲ್ಲ. ಲೋಟವನ್ನು ಹಾಗೆಯೇ ಕಳುಹಿಸಿಕೊಡಿ, ಅದೂ ನಮಗೆ ಬೇಕು.’

‘ತಾಯಿ-ತಂದೆ’ ಎನ್ನದೆ ‘ಮನೆಯ ಹಿರಿಯರು’ ಎಂದಿರುವುದನ್ನು ಗಮನಿಸಿ. ಅಜ್ಜಿಯೊಂದಿಗೋ ಚಿಕ್ಕಪ್ಪನೊಂದಿಗೋ ಇರುವ ಮಗು ಆ ಕಾಗದವನ್ನು ಸಂಕೋಚವಿಲ್ಲದೆ ಕೊಡಬಲ್ಲದು. ಮನೆಯಲ್ಲಿ ಬೇರೆ ಭಾಷೆಯಾಡುವವರಿದ್ದರೆ ಆ ಭಾಷೆಯಲ್ಲಿ ಬರೆಸಿ. ಓದು ಬಾರದವರಿಗಾಗಿ ಮಗುವೇ ಪತ್ರವನ್ನು ಬಾಯಿಮಾತಿನಲ್ಲಿ ಹೇಳುವಂತೆ ತರಗತಿಯಲ್ಲಿ ಮೊದಲೇ ಅಭ್ಯಾಸ ಮಾಡಿಸಬೇಕು.

ಇನ್ನೊಂದು ಕೆಲಸ ಮಾತುಕತೆಯದು. ಮಕ್ಕಳು ಮನೆಯ ಹಿರಿಯರೊಬ್ಬರನ್ನು ಕೇಳಿ ಬರೆದು ತರಲಿ. ‘ನಿಮ್ಮ ಬಾಲ್ಯದ ವಸಂತ ಹೇಗಿತ್ತು?’ ಎಂಬ ಪ್ರಶ್ನೆಗೆ ಸಿಗುವ ಉತ್ತರ ‘ಚೆನ್ನಾಗಿತ್ತು’ ಎಂಬುದಷ್ಟೇ. ‘ನೀವು ಶಾಲೆಗೆ ಹೋಗುವ ದಾರಿಯಲ್ಲಿ ಯಾವ ಮರ ಮೊದಲು ಹೂ ಬಿಡುತ್ತಿತ್ತು? ಆ ಮರ ಈಗಲೂ ಇದೆಯೇ? ಯಾವ ಹಕ್ಕಿಯ ಕೂಗು ಕೇಳಿದರೆ ಬಿಸಿಲು ಬಂತೆಂದು ತಿಳಿಯುತ್ತಿದ್ದಿರಿ?’ ಎಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ದೂರದ ಊರುಗಳಿಂದ ಬಂದ ಕುಟುಂಬಗಳ ಉತ್ತರಗಳು ಇಲ್ಲಿ ವಿಶೇಷವಾಗಿ ಬೆಲೆಯುಳ್ಳವು, ಏಕೆಂದರೆ ವಸಂತ ಎಲ್ಲ ಕಡೆಯೂ ಒಂದೇ ರೀತಿ ಬರುವುದಿಲ್ಲವೆಂಬುದಕ್ಕೆ ತರಗತಿಯಲ್ಲಿಯೇ ಸಾಕ್ಷಿ ಸಿಕ್ಕಂತಾಗುತ್ತದೆ.

ಹೊರಗಿನ ನಡಿಗೆಗೆ ಬರಬಲ್ಲವರು ಬರಲಿ. ಐದಾರು ಮಕ್ಕಳಿಗೆ ಒಬ್ಬರು ದೊಡ್ಡವರಿದ್ದರೆ ನಡಿಗೆ ಹದವಾಗಿರುತ್ತದೆ. ಹೊರಡುವ ಮುನ್ನ ಅವರಿಗೆ ಒಂದೇ ಸೂಚನೆ ಕೊಡಿ: ಹೆಸರು ಹೇಳಿಬಿಡಬೇಡಿ, ‘ಎಲ್ಲಿ ಕಂಡೆ, ಮತ್ತೇನು ಕಾಣುತ್ತಿದೆ’ ಎಂದು ಕೇಳಿ. ದೊಡ್ಡವರಿಗೆ ಇದು ಸುಲಭವಲ್ಲ, ಗೊತ್ತಿರುವುದನ್ನು ಹೇಳದೆ ಇರುವುದು ಯಾರಿಗೂ ಸುಲಭವಲ್ಲ. ಗೂಡಿನ ಹತ್ತಿರ ಹೋಗಬಾರದು, ಗುರುತಿಲ್ಲದ ಕಾಯಿ-ಎಲೆಯನ್ನು ಬಾಯಿಗಿಡಬಾರದು. ಪರಾಗದಿಂದ ಸೀನು-ಉಬ್ಬಸ ಬರುವ ಮತ್ತು ಜೇನುಹುಳು ಕಚ್ಚಿದರೆ ಅಲರ್ಜಿಯಾಗುವ ಮಕ್ಕಳ ಪಟ್ಟಿಯನ್ನು, ಅವರ ಔಷಧವನ್ನು ಮನೆಯವರಿಂದ ಮೊದಲೇ ಪಡೆದು ಜೊತೆಗಿಟ್ಟುಕೊಳ್ಳಬೇಕು. ಫೋಟೊ ತೆಗೆಯುವುದಾದರೆ ಲಿಖಿತ ಒಪ್ಪಿಗೆ ಬೇಕು.

ತೋರಿಸುವ ದಿನ

ಕೊನೆಯಲ್ಲಿ ಪೋಷಕರನ್ನು ಕರೆಯುವುದಾದರೆ ವೇದಿಕೆ, ಭಾಷಣಗಳನ್ನು ಬಿಟ್ಟುಬಿಡಿ. ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕ, ಲೋಟ, ಪಟ್ಟಿಗಳ ಪಕ್ಕದಲ್ಲಿ ನಿಂತಿರಲಿ. ಬಂದವರು ಒಂದೊಂದೇ ಮೇಜಿಗೆ ಹೋಗಿ ಮಾತನಾಡಿಸಲಿ. ಬಂದವರ ಕೈಗೂ ಒಂದು ಕೆಲಸ ಬೀಳಬೇಕು: ಮಗು ಕೊಟ್ಟ ಅಳತೆಪಟ್ಟಿಯಿಂದ ಗಿಡವನ್ನು ಅಳೆಯುವುದೋ, ಟೊಂಗೆಯ ಹಳೆಯ ಗುರುತನ್ನು ಹುಡುಕುವುದೋ. ಇದನ್ನು ಬೆಳಿಗ್ಗೆ ಶಾಲೆ ಆರಂಭವಾಗುವ ಮುನ್ನ ಅರ್ಧ ಗಂಟೆ, ಸಂಜೆ ಮತ್ತೆ ಅರ್ಧ ಗಂಟೆ ಎಂದು ಎರಡು ಹೊತ್ತು ಇಟ್ಟರೆ ಹೆಚ್ಚು ಮನೆಯವರು ಬರಲು ಸಾಧ್ಯವಾಗುತ್ತದೆ. ಯಾರೂ ಬಾರದ ಮಗುವಿನ ಮೇಜಿಗೆ ಮುಖ್ಯೋಪಾಧ್ಯಾಯರೋ ಬೇರೆ ತರಗತಿಯ ಶಿಕ್ಷಕರೋ ಹೋಗಿ ಕೂರುವಂತೆ ಮೊದಲೇ ಗೊತ್ತುಪಡಿಸಿಕೊಳ್ಳಬೇಕು.

ಅದು ಮುಗಿದ ವಾರವೇ ಟೊಂಗೆಗಳ ನೂಲುಗಳನ್ನು ಬಿಚ್ಚಿಸಿ. ಮರ ಯಾವುದು, ಟೊಂಗೆ ಯಾವ ದಿಕ್ಕಿನದು, ಮೊದಲ ಹಸಿರು ತುದಿ ಕಂಡ ದಿನ, ಎಲೆ ಪೂರ್ತಿ ಬಿಡಿಸಿಕೊಂಡ ದಿನ ಎಂಬ ವಿವರಗಳನ್ನು ಒಂದೇ ಹಾಳೆಯಲ್ಲಿ ಬರೆದು, ಮುಂದಿನ ವರ್ಷ ಅದೇ ತರಗತಿಗೆ ಬರುವ ಮಕ್ಕಳ ಹೆಸರಿಗೆ ಲಕೋಟೆಯಲ್ಲಿಟ್ಟು, ಹಾಜರಿ ಪುಸ್ತಕಗಳಿರುವ ಕಪಾಟಿನಲ್ಲಿ ಇರಿಸಿ.